ಎರಡು ಸಲ ಬ್ಯಾಡ

ಶಾಲೆ ನಡೆಸುವ ಕರೆಸ್ಪಾಂಡೆಂಟ್ ಸಾಹೇಬರು ಮೈಕಿನಲ್ಲಿ ಪಿಂಕಿಯ ಹೆಸರು ಹೇಳಿದಾಗ ಪಾರ್ವತಿಬಾಯಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದಳು.

ಭಾಷಣ ಇಂಗ್ಲಿಷಿನಲ್ಲಿತ್ತು, ನಡುನಡುವೆ ಒಂದಿಷ್ಟು ಆ ಊರಿನ ತೆಲುಗು. ಎರಡೂ ಅವಳಿಗೆ ಅಷ್ಟಾಗಿ ತಿಳಿಯುತ್ತಿರಲಿಲ್ಲ. ಪೋಲೆಂಡ್ ಎಂಬ ಮಾತು ಬಂದಿತ್ತು, ಮಾರ್ತಾಳ ಹೆಸರು ಬಂದಿತ್ತು. ಅದು ಬಂದಾಗಲೆಲ್ಲ ಮಕ್ಕಳು ಚಪ್ಪಾಳೆ ಹೊಡೆದಿದ್ದರು, ಇವಳೂ ಹೊಡೆದಿದ್ದಳು. ಹತ್ತು ತಿಂಗಳು ತನ್ನ ಮನೆಯಲ್ಲಿ ಉಂಡು, ಮಲಗಿ, ಜ್ವರ ಬಂದಾಗ ತನ್ನ ಕೈಯಿಂದ ಗಂಜಿ ಕುಡಿದ ಹುಡುಗಿಗೆ ಈ ಶಾಲೆಯಲ್ಲಿ ಇದು ಕೊನೆಯ ದಿನ. ಸಂಜೆ ಅವಳು ತನ್ನ ದೇಶಕ್ಕೆ ಹೊರಡುತ್ತಾಳೆ. ಅದಕ್ಕೇ ಈ ಸಮಾರಂಭ. ಏಪ್ರಿಲ್ ಬಿಸಿಲಿಗೆ ಸಭಾಂಗಣದ ಫ್ಯಾನುಗಳು ಬಿಸಿಗಾಳಿಯನ್ನೇ ತಿರುಗಿಸುತ್ತಿದ್ದರೂ, ಪಾರ್ವತಿಬಾಯಿ ಇಳಕಲ್ ಸೀರೆಯುಟ್ಟು ಮೊದಲ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಳು.

ಪಿಂಕಿ ವೇದಿಕೆ ಹತ್ತಿದಳು. ಅವಳು ಸಾಹೇಬರ ತಮ್ಮನ ಮಗಳು, ಸುವರ್ಣಾಳ ತರಗತಿಯವಳೇ. ಅವಳ ಕೈಗೆ ಕೊಡಲು ಹೂಗುಚ್ಛ ತಯಾರಾಗಿತ್ತು. ಹಿಂದಿನ ಪರದೆ ಎಳೆದಾಗ ದೊಡ್ಡ ಫ್ಲೆಕ್ಸ್ ಕಾಣಿಸಿತು. ಒಂದು ಕಡೆ ಮಾರ್ತಾಳ ಚಿತ್ರ, ಇನ್ನೊಂದು ಕಡೆ ಪಿಂಕಿಯದು, ನಡುವೆ ವಿಮಾನ.

ಪಾರ್ವತಿಬಾಯಿ ಪಕ್ಕದ ಹೆಂಗಸಿನತ್ತ ಬಾಗಿ, "ಕ್ಯಾ ಬೋಲೆ ಬೆಹೆನ್?" ಎಂದಳು.

"ಇಸ್ ಸಾಲ್ ವೋ ಲಡ್ಕಿ ಜಾರೀ ನಾ, ಪೋಲೆಂಡ್ ಕೋ. ಎಕ್ಸ್‌ಚೇಂಜ್ ಮೇ. ನಸೀಬ್‌ವಾಲಿ ಹೈ."

ಈ ವರ್ಷ ಪೋಲೆಂಡಿಗೆ ಹೋಗುವವಳು ಪಿಂಕಿ. ಚಪ್ಪಾಳೆ ಹೊಡೆಯುತ್ತಿದ್ದ ಕೈ ಹಾಗೆಯೇ ನಿಂತಿತು. ಪಾರ್ವತಿಬಾಯಿ ತಿರುಗಿ ನೋಡಿದಳು. ಹನ್ನೊಂದನೆಯ ತರಗತಿಯ ಸಾಲಿನಲ್ಲಿ ಮಗಳು ಸುವರ್ಣಾ ಕೂತಿದ್ದಳು. ಸುತ್ತಲಿನ ಹುಡುಗಿಯರೆಲ್ಲ ತಟ್ಟುತ್ತಿದ್ದರು. ಸುವರ್ಣಾಳ ಎರಡೂ ಕೈ ತೊಡೆಯ ಮೇಲಿದ್ದವು. ಅವಳು ವೇದಿಕೆಯತ್ತ ನೋಡುತ್ತಿರಲಿಲ್ಲ. ತಾಯಿಯ ಕೈಗಳನ್ನೇ ನೋಡುತ್ತಿದ್ದಳು.

ಫ್ಲೆಕ್ಸ್ ಒಂದು ರಾತ್ರಿಯಲ್ಲಿ ಆಗುವುದಲ್ಲ, ಇದು ಪಾರ್ವತಿಬಾಯಿಗೆ ಮೊದಲು ಹೊಳೆದ ವಿಚಾರ. ಫೋಟೋ ತೆಗೆಸಬೇಕು, ಅಂಗಡಿಗೆ ಕೊಡಬೇಕು, ಎರಡು ದಿನವಾದರೂ ಬೇಕು. ನಿನ್ನೆ ಇದೇ ಶಾಲೆಯಿಂದ ಫೋನು ಬಂದಿತ್ತು: "ನೀವು ತಪ್ಪದೆ ಬರಬೇಕು, ಮುಂದ ಕೂಡಬೇಕು, ನಿಮಗ ಶಾಲು ಹೊಚ್ಚತೀವಿ." ಆಗಲೂ ಫ್ಲೆಕ್ಸ್ ತಯಾರಾಗಿಯೇ ಇತ್ತು.

ಮಾರ್ತಾ ಬಂದದ್ದು ಕಳೆದ ಜುಲೈನಲ್ಲಿ. ಅಲ್ಲಿಯ ಒಬ್ಬ ಹುಡುಗಿ ಇಲ್ಲಿಗೆ, ಇಲ್ಲಿಯ ಒಬ್ಬ ಹುಡುಗಿ ಅಲ್ಲಿಗೆ. ಬಂದವಳನ್ನು ಯಾರು ಮನೆಯಲ್ಲಿಟ್ಟುಕೊಳ್ಳುತ್ತಾರೋ ಅವರ ಮಗುವಿಗೆ ಮೊದಲ ಅವಕಾಶ ಎಂದು ಶಾಲೆಯಲ್ಲಿ ಈ ಕೆಲಸ ನೋಡಿಕೊಳ್ಳುವ ಶೀತಲ ಮೇಡಂ ಆಗ ಬಾಯಿ ತುಂಬ ಹೇಳಿದ್ದರು. ಮಿಯಾಪುರದ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಹುಡುಗಿಯರಿಬ್ಬರಿಗೆ ಒಂದು ಕೋಣೆ ಬಿಟ್ಟು, ಎಪ್ಪತ್ತೆರಡು ವರ್ಷದ ಅತ್ತೆ ಕೃಷ್ಣಾಬಾಯಿ ಹಾಲಿನ ದಿವಾನದ ಮೇಲೆ ಮಲಗುವುದಕ್ಕೆ ಒಪ್ಪಿದ್ದರು. ಡಿಸೆಂಬರಿನಲ್ಲಿ ಪಾರ್ವತಿಬಾಯಿ ಕೋಠಿಗೆ ಹೋಗಿ ಸುವರ್ಣಾಳಿಗೆ ದಪ್ಪನೆಯ ಕೆಂಪು ಸ್ವೆಟರ್ ತಂದಿದ್ದಳು. ಈ ಊರಿನಲ್ಲಿ ಅದನ್ನು ಹಾಕಿಕೊಂಡು ಹೊರಗೆ ಹೋದರೆ ಜನ ಆಸ್ಪತ್ರೆಗೆ ಕರೆದೊಯ್ದಾರು. ಅದು ಡಾಂಬರಗುಳಿಗೆಯ ವಾಸನೆ ಹಿಡಿದು ಕಪಾಟಿನಲ್ಲಿತ್ತು. ಮಾರ್ತಾಳ ತಾಯಿ ವಿಡಿಯೋದಲ್ಲಿ ಸುವರ್ಣಾಳಿಗಾಗಿ ಬಣ್ಣ ಬಳಿಸಿದ ಕೋಣೆಯನ್ನೂ ತೋರಿಸಿದ್ದಳು.

ಸುವರ್ಣಾಳಿಗೆ ಇನ್ನೊಂದು ವರ್ಷ ಕಾಯುವಂತಿರಲಿಲ್ಲ. ಮುಂದಿನ ಸಲಕ್ಕೆ ವಯಸ್ಸು ಮೀರುತ್ತಿತ್ತು. ಹೋದರೆ ಈ ಸಲವೇ ಹೋಗಬೇಕು.

ಪಾರ್ವತಿಬಾಯಿ ಕುರ್ಚಿಯಿಂದ ಎದ್ದಳು. ಶಾಲು ಹೊದಿಸುವ ಕಾರ್ಯಕ್ರಮ ಇನ್ನೂ ಬಾಕಿ ಇತ್ತು. ಅವಳು ಬಾಗಿಲಿನತ್ತ ನಡೆದಳು.

ಶೀತಲ ಮೇಡಂ ತಮ್ಮ ಕೋಣೆಯಲ್ಲಿ ಫೈಲು ಜೋಡಿಸುತ್ತಿದ್ದರು. ಮೂವತ್ತು ದಾಟಿದ ಹೆಂಗಸು, ಮಸ್ಕಿಯ ಕಡೆಯವರು. ಲಿಂಗಸೂಗೂರಿನ ಪಾರ್ವತಿಬಾಯಿಗೆ ಇಷ್ಟು ದಿನ ಅದೇ ದೊಡ್ಡ ಧೈರ್ಯವಾಗಿತ್ತು. ಇಷ್ಟು ದೊಡ್ಡ ಶಾಲೆಯಲ್ಲಿ ನಮ್ಮ ಕಡೆಯ ಒಬ್ಬರು ಇದ್ದಾರಲ್ಲ ಎಂದು.

"ಬರ್ರಿ ಅಕ್ಕಾರ, ಬರ್ರಿ. ಶಾಲು ಹೊಚ್ಚೂದು ಇನ್ನೂ ಐತಲ್ಲರಿ, ಎದ್ದ ಯಾಕ ಬಂದ್ರಿ?"

"ಶಾಲು ಹಂಗ ಇರ್ಲಿ. ಪಿಂಕಿ ಹೆಂಗ ಹೋಗಾಕತ್ತಾಳು?"

ಶೀತಲ ಮೇಡಂ ಫೈಲು ಮುಚ್ಚಿದರು, ಮತ್ತೆ ತೆರೆದರು. "ಹೆಂಗ ಅಂದ್ರ? ಸುವರ್ಣಾನ್ನ ಕಳಸೂದ ಬ್ಯಾಡ ಅಂತ ನೀವ ಅಂದ್ರೆಲ್ರಿ."

"ನಾನು?"

"ದೀಪಾವಳಿ ಆದಮ್ಯಾಲ ನಿಮ್ಮ ಮನೀಗಿ ಬಂದಿದ್ನೆಲ್ರಿ. ಕೇಳಿದೆ. ಬ್ಯಾಡ ಅಂದ್ರಿ. ಅವತ್ತೇ ಬರಕೊಂಡೀನಿ, ತಾರೀಖ ಹಾಕೀನಿ. ನೋಡ್ರಿ ಬೇಕಾರ."

ಬಾಗಿಲಲ್ಲಿ ನೆರಳು ಬಿತ್ತು. ಸುವರ್ಣಾ ಬಂದಿದ್ದಳು. ಅವಳ ಹಿಂದೆ, ಶಾಲೆಯವರು ಹೊಲಿಸಿಕೊಟ್ಟ ರೇಷ್ಮೆ ಲಂಗದ ನೆರಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಮಾರ್ತಾ ಓಡಿ ಬಂದಿದ್ದಳು. ಮುಡಿಸಿದ ಮಲ್ಲಿಗೆ ಒಂದು ಕಿವಿಯ ಮೇಲೆ ಜೋತುಬಿದ್ದಿತ್ತು.

"ಮಮ್ಮಿ," ಎಂದಳು ಸುವರ್ಣಾ. "ನೀ ಬ್ಯಾಡ ಅಂದಿಯೇನು?"

ಪಾರ್ವತಿಬಾಯಿಗೆ ಆ ದಿನ ಪೂರ್ತಿಯಾಗಿ ನೆನಪಾಯಿತು. ಅನುಮಾನವೇ ಇರಲಿಲ್ಲ. ಅಂದಿದ್ದಳು.

"ಅಯ್ಯ, ಈಗ್ಯಾಕ ಬಿಡ್ರಿ ಮೇಡಂ," ಅಂದಿದ್ದಳು. ಮೇಡಂ ಮತ್ತೊಮ್ಮೆ ಕೇಳಿದಾಗ, "ಇರ್ಲಿ ಬಿಡ್ರಿ, ನಮ್ಮಕಿಗಿಂತ ಶ್ಯಾಣೇ ಹುಡುಗ್ಯಾರು ಭಾಳ ಅದಾರ," ಅಂದಿದ್ದಳು. ಕೇಳಿದ ತಕ್ಷಣ ಹೂಂ ಎಂದರೆ ಏನರ್ಥ? ಇದಕ್ಕಾಗಿಯೇ ಆ ಹುಡುಗಿಗೆ ಇಷ್ಟು ದಿನ ಅನ್ನ ಹಾಕಿದಂತೆ ಆಗುವುದಿಲ್ಲವೇ? ಅವಳ ತಾಯಿಯ ಮನೆಯಲ್ಲೂ ಅತ್ತೆಯ ಮನೆಯಲ್ಲೂ ಒಂದೇ ರೀತಿ. ಯಾರಾದರೂ ಏನಾದರೂ ಕೊಡಲು ಬಂದರೆ ಎರಡು ಸಲ ಬ್ಯಾಡ ಅನ್ನಬೇಕು. ಕೊಡುವವರು ಮೂರನೆಯ ಸಲ ಒತ್ತಾಯ ಮಾಡಬೇಕು. ಆಮೇಲೆ ತೆಗೆದುಕೊಳ್ಳಬೇಕು. ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ, ಬೆಳೆಯುತ್ತ ಬರುತ್ತದೆ.

ಮಾರ್ತಾಳಿಗೆ ಮಾತ್ರ ಕಲಿಸಬೇಕಾಗಿ ಬಂದಿತ್ತು. ಮೊದಲ ವಾರ ಅವಳು ಹೊಟ್ಟೆ ತುಂಬಿದಾಗ ಬೇಡ ಎಂದು ತಲೆಯಲ್ಲಾಡಿಸುತ್ತಿದ್ದಳು, ಕೃಷ್ಣಾಬಾಯಿ ಮೇಲಿಂದ ಮೇಲೆ ಎರಡು ರೊಟ್ಟಿ ಹಾಕುತ್ತಿದ್ದರು. ಅವಳು ಹೆದರಿ ತಾಟನ್ನು ಬೆನ್ನ ಹಿಂದೆ ಅಡಗಿಸಿದ್ದೂ ಆಯಿತು. ಪಕ್ಕದ ಫ್ಲ್ಯಾಟಿನವರು ಲಾಡು ಕೊಡಲು ಬಂದಾಗ ಕೇಳಿದ ಕೂಡಲೇ ಕೈ ಚಾಚಿ ನಾಲ್ಕು ತೆಗೆದುಕೊಂಡಿದ್ದಳು. ಅವತ್ತು ಕೃಷ್ಣಾಬಾಯಿ ಅವಳನ್ನು ದಿವಾನದ ಮೇಲೆ ಕೂಡಿಸಿಕೊಂಡು ಬೆರಳು ಎಣಿಸಿ ಪಾಠ ಮಾಡಿದ್ದರು: "ನೋಡ ಮಾರತವ್ವಾ, ಒಂದು, ಬ್ಯಾಡ್ರಿ. ಎರಡು, ಬ್ಯಾಡ್ರಿ. ಮೂರು, ಇಷ್ಟ ಅಂತೀರಂದ್ರ ಕೊಡ್ರಿ." ಮೂರೇ ದಿನದಲ್ಲಿ ಹುಡುಗಿ ಪಳಗಿದ್ದಳು. ಖರೇನೇ ಬೇಡವಾದಾಗ ನಾಲ್ಕನೆಯ ಬೆರಳು ತೋರಿಸುತ್ತಿದ್ದಳು.

"ಮಮ್ಮಿ, ನಿನಗ ಕೇಳಾಕತ್ತೀನಿ."

"ಅಂದೆ," ಎಂದಳು ಪಾರ್ವತಿಬಾಯಿ. "ಅಂದೆ, ಆದ್ರ ಹಂಗಲ್ಲ ಅದು..."

"ಹಂಗಲ್ಲ ಅಂದ್ರ ಹೆಂಗ? ನನ್ನ ಒಂದ್ ಮಾತ ಕೇಳಿದ್ಯೇನು?" ಸುವರ್ಣಾಳ ಧ್ವನಿ ಏರಲಿಲ್ಲ. ಏರಿದ್ದರೆ ಪಾರ್ವತಿಬಾಯಿಗೆ ಸಮಾಧಾನವಾಗುತ್ತಿತ್ತು. "ಐದ ತಿಂಗಳಿಂದ ನಾ ರಾತ್ರಿ ಕೂತ ಆ ಭಾಷಾ ಕಲ್ಯಾಕತ್ತೀನಿ. ನೀ ಬ್ಯಾಡ ಅಂದ ಕುಂತಿದಿ."

ಶೀತಲ ಮೇಡಂ ನಡುವೆ ಬಂದರು. "ಆತು ಬಿಡ್ರಿ, ಆಗಿದ್ದ ಆಗಿ ಹೋತು. ಅಕ್ಕಾರ, ಇದೊಂದು ಫಾರ್ಮಿಗೆ ಸಹಿ ಮಾಡ್ರಿ. ಮನ್ಯಾಗ ಇಟಗೊಂಡವರ ರಿಪೋರ್ಟ್. ಇದಿಲ್ದ ಮಾರ್ತಾಗ ಸರ್ಟಿಫಿಕೇಟ್ ಬರೂದಿಲ್ಲ. ಆಕಿ ಇವತ್ತ ತಗೊಂಡ ಹೋಗಬೇಕು." ಗುರುತು ಹಾಕಿದ ಜಾಗದ ಮೇಲೆ ಪೆನ್ನು ಇಟ್ಟರು.

ಹತ್ತು ತಿಂಗಳಲ್ಲಿ ಪಾರ್ವತಿಬಾಯಿ ಇಂಥ ಎಷ್ಟೋ ಕಾಗದಗಳಿಗೆ, ಗುರುತು ಹಾಕಿದಲ್ಲೆಲ್ಲ ಸಹಿ ಮಾಡಿದ್ದಳು. ಮಗಳ ಕಾಗದಗಳೂ ಅದರಲ್ಲೇ ಇರುತ್ತವೆ ಎಂದುಕೊಂಡಿದ್ದಳು. ಓದಿ ಹೇಳಿ ಎಂದು ಕೇಳಿದರೆ ನಂಬಿಕೆ ಇಲ್ಲದಂತಾಗುತ್ತದೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಇವತ್ತು ಪೆನ್ನು ಬದಿಗೆ ಸರಿಸಿದಳು.

"ಸುವರ್ಣಾ, ಓದು ಇದನ್ನ."

ಸುವರ್ಣಾ ಬೇಕೋ ಬೇಡವೋ ಎಂಬಂತೆ ಎತ್ತಿಕೊಂಡಳು. ಕಣ್ಣು ಸಾಲುಸಾಲಾಗಿ ಇಳಿದು ಒಂದು ಕಡೆ ನಿಂತಿತು. "ಇಲ್ಲಿ ಏಳನೇದು. ಮನಿ ಮಗಳಿಗೆ ಅವಕಾಶ ಕೊಟ್ರೇನು ಅಂತ ಕೇಳ್ಯಾರ. 'ಆಫರ್ಡ್, ಡಿಕ್ಲೈನ್ಡ್ ಬೈ ಫ್ಯಾಮಿಲಿ' ಅಂತ ಟೈಪ್ ಮಾಡ್ಯಾರ. ಅಂದ್ರ ನಾವು ಕೇಳಿದ್ವಿ, ಮನಿಯವ್ರ ಬ್ಯಾಡ ಅಂದ್ರು."

ಅಷ್ಟರಲ್ಲಿ ಮಾರ್ತಾ ಮೇಜಿನ ಹತ್ತಿರ ಬಂದಳು. ಅವಳ ಮುಖ ಕುತ್ತಿಗೆಯಿಂದ ಕಿವಿಯವರೆಗೆ ಕೆಂಪಾಗಿತ್ತು. ಮೊದಲ ಸಲ ಹಸಿಮೆಣಸಿನಕಾಯಿ ಚಟ್ನಿ ತಿಂದ ದಿನ ಹಾಗಾಗಿತ್ತು.

"ಮೇಡಂ, ನಾ ಇದ್ದೆ," ಎಂದಳು ಕನ್ನಡದಲ್ಲಿ. ಶಾಲೆಯವರು ಅವಳಿಗೆ ಹಿಂದಿ ಕಲಿಸಲು ಟೀಚರ್ ಇಟ್ಟಿದ್ದರು. ಕಲಿತದ್ದು ಮಾತ್ರ ಅವಳು ಆಯಿ ಎಂದು ಕರೆಯುವ ಕೃಷ್ಣಾಬಾಯಿಯ ಮಾತು. "ಅವತ್ತ ನಾ ಇದ್ದೆ. ಆಯಿ ಜೊತಿ ಕೆಳಗ ಕುಂತಿದ್ದೆ, ತೊಗರಿಕಾಯಿ ಸುಲ್ಯಾಕತ್ತಿದ್ದೆ. ನೀವ್ ಕೇಳಿದ್ರಿ, ಅವ್ವ ಬ್ಯಾಡ ಅಂದ್ಲು. ನಾ ಒಂದ್ ಕಾಯಿ ಈ ಕಡೆ ಇಟ್ಟೆ. ಮತ್ತ ಕೇಳಿದ್ರಿ, ಬ್ಯಾಡ ಅಂದ್ಲು. ಎರಡನೇದ್ ಇಟ್ಟೆ. ಮೂರನೇದ್ ಕೈಯಾಗ ಹಿಡಕೊಂಡ ಕುಂತೆ. ನೀವ್ ಕೇಳ್ಲಿಲ್ಲ. ಎದ್ದ ಹೋದ್ರಿ. ನಾ ಅನಕೊಂಡೆ, ಬಾಗಲಾಗ ಚಪ್ಲಿ ಹಾಕ್ಕೋತ ಕೇಳ್ತೀರಿ ಅಂತ. ಆಮ್ಯಾಲ, ಫೋನ್ ಮಾಡಿ ಕೇಳ್ತೀರಿ ಅಂತ."

ಸುವರ್ಣಾ ಕೈಯಲ್ಲಿದ್ದ ಫಾರ್ಮನ್ನು ಮೇಜಿನ ಮೇಲೆ ಇಟ್ಟಳು.

"ಮಾರ್ತಾ, ಯೂ ಡೋಂಟ್ ಅಂಡರ್‌ಸ್ಟ್ಯಾಂಡ್," ಎಂದರು ಶೀತಲ ಮೇಡಂ. ಆಮೇಲೆ ಪಾರ್ವತಿಬಾಯಿಗೆ, "ಹುಡುಗಿ ಏನೋ ಅಂತೈತಿ. ಇದು ಆಫೀಸ್ ಕೆಲಸರಿ ಅಕ್ಕಾರ. ಆಫೀಸಿನ್ಯಾಗ ಬ್ಯಾಡ ಅಂದ್ರ ಬ್ಯಾಡ. ಎಷ್ಟ್ ಸಲ ಅಂತ ಕೇಳ್ಕೋತ ಕೂಡಾಕ ಆಗತೈತೇನ್ರಿ?"

ಪಾರ್ವತಿಬಾಯಿ ಇಲ್ಲಿಯವರೆಗೆ ತನ್ನ ಮೇಲೆಯೇ ಸಿಟ್ಟಾಗಿದ್ದಳು. ಆ ಮಾತಿಗೆ ಸಿಟ್ಟು ಹೊರಳಿತು. ಅವಳು ಕುರ್ಚಿ ಎಳೆದುಕೊಂಡು ಮೇಡಮ್ಮಿನ ಎದುರಿಗೇ ಕೂತಳು.

"ಅವತ್ತ ನಮ್ಮ ಮನ್ಯಾಗ ಚಾ ಕುಡದ್ರೆಲ್ರಿ?"

"ಏನ್ರಿ?"

"ಚಾ. ನಾ ಕೇಳಿದೆ, ಬ್ಯಾಡ್ರಿ ಅಕ್ಕಾರ, ಈಗಷ್ಟ ಕುಡದ ಬಂದೀನಿ ಅಂದ್ರಿ. ಮತ್ತ ಕೇಳಿದೆ. ಖರೇ ಬ್ಯಾಡ್ರಿ ಅಂದ್ರಿ. ಮೂರನೇ ಸಲ ಕೇಳಿದೆ. ನೀವು ಬಿಡೂ ಪೈಕಿ ಅಲ್ಲ, ಅರ್ಧಾ ಕಪ್ ಕೊಡ್ರಿ ಅಂದ್ರಿ. ತುಂಬಿದ ಕಪ್ ಕೊಟ್ಟೆ, ತಳದ ಸಕ್ಕರಿ ಸಹಿತ ಕುಡದ್ರಿ. ಹೌದಲ್ಲೋ?"

ಶೀತಲ ಮೇಡಂ ಮೇಜಿನ ಮೇಲಿನ ಫೈಲುಗಳನ್ನು ಮತ್ತೆ ಜೋಡಿಸತೊಡಗಿದರು.

"ನಾನೂ ಎರಡನೇ ಸಲಕ್ಕ ಬಿಟ್ಟಿದ್ರ? ಶೀತಲ ಮೇಡಂ ಚಾ ಬ್ಯಾಡ ಅಂದ್ರು ಅಂತ ಬರದಿಟ್ಟು, ತಾರೀಖ ಹಾಕಿ, ಒಣ ಬಾಯಿಲೆ ಕಳಿಸಿದ್ರ? ಊರಿಗೆ ಹೋಗಿ ಏನಂತಿದ್ರಿ ನೀವು? ಲಿಂಗಸೂಗೂರ ಮಂದಿ ಹಿಂಗ ಅದಾರ ನೋಡ್ರಿ ಅಂತಿದ್ರಿ."

"ಅಕ್ಕಾರ, ಸಣ್ಣ ದನೀಲೆ ಮಾತಾಡ್ರಿ."

"ತೆಲುಗಿನವ್ರು ಹಿಂಗ ಮಾಡಿದ್ರ ತಿಳೀಲಿಲ್ಲ ಅಂತಿದ್ದೆ. ಈ ಪರದೇಸದ ಹುಡುಗಿ ಮಾಡಿದ್ರ ನಕ್ಕು ಬಿಡ್ತಿದ್ದೆ. ನಿಮಗ ತಿಳೀತಿತ್ತು. ತಿಳದ ಮಾಡೀರಿ."

ಚೀಲದಲ್ಲಿ ಫೋನು ಹೊಡೆದುಕೊಂಡಿತು. ಗಂಡ ಮಹೇಶಕುಮಾರ. ಕೋಠಿಯ ಔಷಧದ ಸಗಟು ಅಂಗಡಿಯಲ್ಲಿ ಅವನಿಗೆ ಕೆಲಸ. ಸುವರ್ಣಾ ಸಭಾಂಗಣದಿಂದಲೇ ಅವನಿಗೆ ಎರಡು ಸಾಲು ಕಳಿಸಿದ್ದಳು.

"ಏನ ನಡಸೀಯ ಅಲ್ಲಿ?" ಹಿಂದಿನಿಂದ ಗಿರಾಕಿಗಳ ಗದ್ದಲ ಕೇಳಿಸುತ್ತಿತ್ತು. "ಸಿಟ್ಟಿನ್ಯಾಗ ಏನರ ಅಂದಗಿಂದಿ. ಆಕಿ ಇನ್ನೊಂದ್ ವರ್ಷ ಅದೇ ಸಾಲ್ಯಾಗ ಕಲೀಬೇಕು. ಸಹಿ ಮಾಡಿ ಸುಮ್ನ ಮನೀಗಿ ಬಾ."

"ನೀವ ಬಂದ ಮಾಡ್ರಿ ಹಂಗಾರ."

"ಮೆಟ್ರೋದಾಗ ಬಂದ್ರೂ ತಾಸ ಬೇಕ ನನಗ."

"ಅಲ್ಲೀತನ ನಾ ಅನ್ನೂದೆಲ್ಲ ಅಂದ ಮುಗಸ್ತೀನಿ," ಎಂದು ಫೋನು ಇಟ್ಟಳು.

ಬಾಗಿಲು ತಳ್ಳಿಕೊಂಡು ಕರೆಸ್ಪಾಂಡೆಂಟ್ ಸಾಹೇಬರು ಬಂದರು. ಅವರ ಹಿಂದೆ ಕ್ಯಾಮೆರಾದವನು, ಅವನ ಕೈಯಲ್ಲಿ ಪ್ಲಾಸ್ಟಿಕ್ ಹಾಳೆಯ ಸಮೇತ ಮಡಚಿದ ಶಾಲು. ಸಾಹೇಬರು ನಗುತ್ತಲೇ ಬಂದರು. ಶೀತಲ ಮೇಡಂ ತೆಲುಗಿನಲ್ಲಿ ನಾಲ್ಕು ಮಾತು ಹೇಳಿದರು. ನಗು ಹಾಗೆಯೇ ಉಳಿಯಿತು, ಕಣ್ಣು ಮಾತ್ರ ಬದಲಾಯಿತು.

"ಅಮ್ಮಾ, ಪಾಪಗೆ ಮುಂದಿನ ಸಲ ನೋಡೋಣ," ಎಂದರು ಅವರಿಗೆ ಬರುವ ಕನ್ನಡದಲ್ಲಿ. ಪಾಪ ಎಂದರೆ ಅವರ ಮಾತಿನಲ್ಲಿ ಹುಡುಗಿ.

"ಮುಂದಿನ ಸಲಕ್ಕ ಆಕಿಗೆ ವಯಸ್ಸು ಮೀರತೈತಿ. ನಿಮಗ ಗೊತ್ತೈತಿ."

"ಸರೇ, ಬೇರೆ ಏನಾದ್ರೂ ಮಾಡೋಣ. ಒಳ್ಳೆ ಹುಡುಗಿ. ಇನ್ನೂ ಒಂದು ವರ್ಷ ಇಲ್ಲೇ ಇರ್ತಾಳೆ ಅಲ್ವಾ?" ಆ ಮಾತನ್ನು ಅವರು ಬಹಳ ಮೃದುವಾಗಿ ಹೇಳಿದರು. ಮೃದುವಾಗಿದ್ದರಿಂದಲೇ ಅದು ನೆಟ್ಟಗೆ ಹೋಗಿ ಮುಟ್ಟಿತು. "ಆಲೋಚಿಂಚಂಡಿ ಅಮ್ಮಾ. ತೊಗೊಳ್ಳಿ, ಶಾಲು. ಒಂದು ಫೋಟೋ."

"ಬ್ಯಾಡ್ರಿ."

"ಅಯ್ಯೋ, ತೊಗೋಬೇಕು ಅಮ್ಮಾ."

"ಬ್ಯಾಡ್ರಿ."

ಸಾಹೇಬರು ಕ್ಯಾಮೆರಾದವನಿಗೆ ಸನ್ನೆ ಮಾಡಿ ಶಾಲನ್ನು ತಾವೇ ಬಿಚ್ಚಿ ಅವಳ ಹೆಗಲಿನತ್ತ ತಂದರು. ಪಾರ್ವತಿಬಾಯಿ ಎದ್ದು ನಿಂತಳು. "ಇದು ಮೂರನೇದ್ರಿ. ಮೂರನೇದಕ್ಕೂ ಬ್ಯಾಡ. ಈಗ ಬರಕೊಳ್ರಿ ಬೇಕಾರ."

ಸಾಹೇಬರಿಗೆ ಅರ್ಥವಾಗಲಿಲ್ಲ. ಶೀತಲ ಮೇಡಮ್ಮಿಗೆ ಅರ್ಥವಾಯಿತು, ತಲೆ ತಗ್ಗಿಸಿದರು. ಸಾಹೇಬರು ಶಾಲನ್ನು ಕ್ಯಾಮೆರಾದವನ ಕೈಗೆ ತುರುಕಿ, ಸಹಿ ಮಾಡಿಸಿ ಕಳಿಸಿ ಎಂದು ತೆಲುಗಿನಲ್ಲಿ ಹೇಳಿ ಹೊರಟುಹೋದರು. ಸಭಾಂಗಣದಲ್ಲಿ ಪಿಂಕಿಯ ಭಾಷಣ ಶುರುವಾಗಿತ್ತು.

ಬಾಗಿಲು ಮುಚ್ಚಿದ ಮೇಲೆ ಶೀತಲ ಮೇಡಂ ಸಣ್ಣ ಧ್ವನಿಯಲ್ಲಿ ಹೇಳಿದರು: "ಒಮ್ಮೆ ಕೇಳಿ ಬಾ, ಬ್ಯಾಡ ಅಂದ್ರ ಬರಕೊಂಡ ಬಾ ಅಂತ ಹೇಳಿ ಕಳಿಸಿದ್ರರಿ ಅಕ್ಕಾರ. ಒಮ್ಮೆ ಅಂದಿದ್ರು. ನಾ ಎರಡ ಸಲ ಕೇಳೀನಿ. ಮೂರನೇದ ಕೇಳಿದ್ರ ನೀವು ಹೂಂ ಅಂತಿದ್ರಿ. ಆಮ್ಯಾಲ ನಾ ಇಲ್ಲಿ ಇರತಿರ್ಲಿಲ್ಲ. ನನಗೂ ಎರಡ ಮಕ್ಕಳ ಅದಾವು."

ಪಾರ್ವತಿಬಾಯಿ ಮೇಡಮ್ಮಿನ ಮುಖ ನೋಡಿದಳು. ಸುಳ್ಳಲ್ಲ ಎಂದು ಗೊತ್ತಾಗುತ್ತಿತ್ತು. ಬಾಡಿಗೆ ಮನೆ, ಎರಡು ಮಕ್ಕಳು, ಯಾವಾಗ ಬೇಕಾದರೂ ಹೋಗಬಹುದಾದ ನೌಕರಿ. ಬೇರೆ ದಿನವಾಗಿದ್ದರೆ ಅಯ್ಯೋ ಪಾಪ ಎನ್ನುತ್ತಿದ್ದಳು. ಇವತ್ತು ಆ ಸತ್ಯದಿಂದ ಸಿಟ್ಟು ಹೆಚ್ಚೇ ಆಯಿತು, ಏಕೆಂದರೆ ಅದನ್ನು ಎಲ್ಲಿ ಇಡಬೇಕೆಂದು ಗೊತ್ತಾಗಲಿಲ್ಲ.

"ಎರಡ ಸಲ ಕೇಳಿ ಪುಣ್ಯಾ ಕಟಗೊಂಡೀ ತಂಗಿ," ಎಂದಳು. "ಕೊಡು ಪೆನ್ನು."

ಏಳನೆಯ ಸಾಲಿನ ಮೇಲೆ ಅಡ್ಡಗೆರೆ ಎಳೆದಳು. ಹಾಳೆ ಹರಿಯುವಷ್ಟು ಒತ್ತಿ ಎಳೆದಳು. ಪಕ್ಕದ ಖಾಲಿ ಜಾಗದಲ್ಲಿ, ಹತ್ತನೆಯ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ತಿದ್ದಿದ ದುಂಡನೆಯ ಅಕ್ಷರದಲ್ಲಿ ಬರೆದಳು: 'ಎರಡು ಸಲ ಕೇಳಿದರು. ಎರಡು ಸಲ ಬ್ಯಾಡ ಅಂದೆ. ಮೂರನೇ ಸಲ ಕೇಳಲಿಲ್ಲ. ಕೇಳಿದ್ದರೆ ಕಳಿಸುತ್ತಿದ್ದೆ. ನನ್ನ ಮಗಳಿಗೆ ಹೋಗುವ ಆಸೆ ಇತ್ತು.' ಅದರ ಕೆಳಗೆ ಸಹಿ ಮಾಡಿ ತಾರೀಖು ಹಾಕಿದಳು.

"ಅಕ್ಕಾರ, ಅಲ್ಲಿ ಇದನ್ನ ಯಾರ ಓದತಾರ್ರಿ?"

"ನಾ ಓದಿ ಹೇಳ್ತೀನಿ," ಎಂದಳು ಮಾರ್ತಾ. ಫಾರ್ಮನ್ನು ಮೇಜಿನಿಂದ ಎತ್ತಿ ತನ್ನ ಫೈಲಿನೊಳಗೆ ಇಟ್ಟುಕೊಂಡಳು. ಅದು ಅವಳೇ ಒಯ್ಯಬೇಕಾದ ಕಾಗದ. "ಎಲ್ಲಾರಿಗೂ ಓದಿ ಹೇಳ್ತೀನಿ. ನಂಗ ಭಾಳ ಸಿಟ್ಟ ಬಂದೈತ್ರಿ ಮೇಡಂ."

ಹೊರಗೆ ಬಂದಾಗ ಸುವರ್ಣಾ ತಾಯಿಯ ಜೊತೆ ನಡೆಯಲಿಲ್ಲ. ಮಾರ್ತಾಳ ಕೈ ಹಿಡಿದು ಹತ್ತು ಹೆಜ್ಜೆ ಮುಂದೆ ನಡೆದಳು. ಆಟೋದಲ್ಲಿ ಡ್ರೈವರನ ಪಕ್ಕ ಕೂತಳು.

ಮನೆಯಲ್ಲಿ ಕೃಷ್ಣಾಬಾಯಿ ಮೊರದಲ್ಲಿ ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಅರಿಸಿನದ ಕೊಂಬು, ಹಸಿರು ಕುಬಸದ ಬಟ್ಟೆ ಜೋಡಿಸಿಟ್ಟುಕೊಂಡು ಕಾದಿದ್ದರು. ಮನೆಯ ಹೆಣ್ಣುಮಗಳು ಹೊರಟಾಗ ಉಡಿ ತುಂಬದೆ ಕಳಿಸುವುದು ಅವರಿಗೆ ಗೊತ್ತೇ ಇರಲಿಲ್ಲ. ಆಗಿದ್ದನ್ನು ಕೇಳಿ ಅವರು ಮೊದಲು ಸೊಸೆಯ ಮೇಲೆಯೇ ಹರಿಹಾಯ್ದರು.

"ಮಂದಿ ನೋಡಿ ಬ್ಯಾಡ ಅನಬೇಕು! ಯಾರರ ಅಂತಾರ ಹಂಗ, ಸಾಲಿಯವ್ರ ಮುಂದ?"

"ನೀವಾ ಕಲಿಸಿದ್ರೆಲ್ರಿ ಅತ್ತೀ," ಎಂದಳು ಪಾರ್ವತಿಬಾಯಿ. ಇಪ್ಪತ್ತು ವರ್ಷದಲ್ಲಿ ಅತ್ತೆಗೆ ಎದುರು ಮಾತಾಡಿರಲಿಲ್ಲ. "ಮದಿವ್ಯಾಗಿ ಬಂದ ಮರುದಿನ ನೀವು ಉಣ್ಣಾಕ ಕೇಳಿದಾಗ ನಾ ಒಮ್ಮೆಲೇ ಹೂಂ ಅಂದೆ, ಹಸದ ಬಂದಾಳ ಅಂತ ನಕ್ಕಿರಿ. ಅವತ್ತಿಂದ ನಾ ಯಾವದಕ್ಕೂ ಹೂಂ ಅಂದಿಲ್ಲ."

ಮುದುಕಿ ಮೊರ ಎತ್ತಿಕೊಂಡರು. ಎತ್ತುವ ಅವಸರಕ್ಕೆ ಅಕ್ಕಿಯ ನಾಲ್ಕು ಕಾಳು ನೆಲಕ್ಕೆ ಬಿದ್ದವು.

"ಬಾರ ಮಾರತವ್ವಾ. ಉಡಿ ಒಡ್ಡು."

"ಬ್ಯಾಡ್ರಿ ಆಯಿ," ಎಂದಳು ಮಾರ್ತಾ. ಕಲಿಸಿದ್ದು ಮರೆಯಬಾರದಲ್ಲ. ಮುಖ ಅಳುವಂತಾಗಿತ್ತು.

"ಒಡ್ಡು ಅಂದೆ."

"ಬ್ಯಾಡ್ರೀ..."

"ಸಾಕ ಸುಮ್ನಿರ!" ಎಂದು ಕೃಷ್ಣಾಬಾಯಿ ಗದರಿದರು. "ಸುಡ್ಲಿ ನಿನ್ನ ಬ್ಯಾಡ. ಒಡ್ಡ ಉಡಿ!"

ಮಾರ್ತಾ ಲಂಗದ ಮೇಲಿನ ದಾವಣಿಯ ತುದಿ ಹಿಡಿದು ಒಡ್ಡಿದಳು. ಐದು ಸಲ ಅಕ್ಕಿ ಬಿತ್ತು, ಕಾಯಿ ಬಿತ್ತು. ಭಾರಕ್ಕೆ ಅವಳು ಮುಂದೆ ಬಾಗಿದಳು. ಸುವರ್ಣಾ ಕೋಣೆಯ ಬಾಗಿಲಿಗೆ ಒರಗಿ ಎಲ್ಲವನ್ನೂ ನೋಡುತ್ತಿದ್ದಳು.

ನಾಲ್ಕೂವರೆಗೆ ಶಾಲೆಯ ಗಾಡಿ ಬಂತು. ಹಾರ್ನ್ ಹೊಡೆಯಿತು. ಇಳಿದು ಬಂದು ಸೂಟ್‌ಕೇಸ್ ಎತ್ತುವವರಿರಲಿಲ್ಲ. ಹುಡುಗಿಯರಿಬ್ಬರೇ ಅದನ್ನು ಲಿಫ್ಟಿಗೆ ಎಳೆದರು. ಗೇಟಿನ ಹತ್ತಿರ ಮಾರ್ತಾ ಪಾರ್ವತಿಬಾಯಿಯ ಕಾಲಿಗೆ ಬಾಗಿ, ಎದ್ದು, ಏನೋ ಹೇಳಹೋಗಿ, ಹೇಳದೆ ಫೈಲನ್ನು ಎದೆಗೆ ಒತ್ತಿ ಹಿಡಿದು ತೋರಿಸಿದಳು. ಸುವರ್ಣಾಳನ್ನು ತಬ್ಬಿಕೊಂಡು ಅವರ ಭಾಷೆಯಲ್ಲಿ ಏನೋ ಅಂದಳು. ಸುವರ್ಣಾ ಅದೇ ಭಾಷೆಯಲ್ಲಿ ಉತ್ತರ ಕೊಟ್ಟಳು. ತಡವರಿಸಲಿಲ್ಲ. ಪಾರ್ವತಿಬಾಯಿಗೆ ಒಂದು ಶಬ್ದವೂ ತಿಳಿಯಲಿಲ್ಲ. ಇಷ್ಟು ಚೆನ್ನಾಗಿ ಕಲಿತಿದ್ದಾಳೆ ಎಂಬುದೂ ಅವಳಿಗೆ ಈಗಲೇ ಗೊತ್ತಾದದ್ದು.

ಗಾಡಿ ಮೆಟ್ರೋ ಕಂಬಗಳ ಸಾಲಿನತ್ತ ತಿರುಗಿ ಮರೆಯಾಯಿತು. ಸುವರ್ಣಾ ಮೆಟ್ಟಿಲು ಹತ್ತಿ ಹೋದಳು, ಲಿಫ್ಟಿಗೆ ಕಾಯಲಿಲ್ಲ.

ಹೊರಟವರು ಊರು ಮುಟ್ಟುವ ತನಕ ಕಸ ಹೊಡೆಯಬಾರದೆಂದು ಕೃಷ್ಣಾಬಾಯಿ ಪೊರಕೆಯನ್ನು ಬಾಲ್ಕನಿಯಲ್ಲಿ ಮುಚ್ಚಿಟ್ಟಿದ್ದರು. ಅಕ್ಕಿಕಾಳು ಹಾಲಿನ ನೆಲದ ಮೇಲೆ ಹಾಗೆಯೇ ಇದ್ದವು. ಹೊತ್ತು ಮುಳುಗುವ ಮುಂಚೆಯೇ ಪಾರ್ವತಿಬಾಯಿ ಒಲೆ ಹೊತ್ತಿಸಿದಳು. ಸುವರ್ಣಾ ಬೆಳಗಿನಿಂದ ಏನೂ ತಿಂದಿರಲಿಲ್ಲ. ಜೋಳದ ಹಿಟ್ಟು ನಾದಿ, ಬಡಿದು, ಹಂಚಿನ ಮೇಲೆ ಹಾಕಿದಳು. ಇವತ್ತು ಬಡಿಯುವ ಸದ್ದು ದಿನಕ್ಕಿಂತ ಜೋರಾಗಿತ್ತು. ಕೆಳಗಿನ ಫ್ಲ್ಯಾಟಿನವರು ಒಮ್ಮೆ ಮೇಲೆ ನೋಡಿರಬೇಕು.

ರೊಟ್ಟಿ ಉಬ್ಬಿತು. ಬೆಣ್ಣೆ ಸವರಿ ಅದನ್ನು ಕೈಯಲ್ಲೇ ಎತ್ತಿಕೊಂಡು ಕೋಣೆಯ ಬಾಗಿಲಿಗೆ ಬಂದಳು. ಎರಡು ಮಂಚಗಳಲ್ಲಿ ಒಂದು ಖಾಲಿಯಾಗಿತ್ತು. ಇನ್ನೊಂದರ ಮೇಲೆ ಸುವರ್ಣಾ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಕಾಲ ಬಳಿ ಕೆಂಪು ಸ್ವೆಟರ್ ಇತ್ತು, ಕಪಾಟಿನಿಂದ ಎಳೆದು ಬಿಸಾಡಿದಂತೆ.

"ಬಿಸಿ ಐತಿ. ಉಣ್ಣ ಬಾ."

"ಬ್ಯಾಡ."

ಪಾರ್ವತಿಬಾಯಿ ಅಲ್ಲೇ ನಿಂತಳು. ಹಾ‌ಲಿನಲ್ಲಿ ಅತ್ತೆ ಕೆಮ್ಮಿದರು.

"ಬೆಣ್ಣಿ ಹಚ್ಚೀನಿ. ಒಂದರ ತಿನ್ನು."

"ಬ್ಯಾಡ ಅಂದ್ನೆಲ್ಲ."

ರೊಟ್ಟಿಯ ಬಿಸಿ ಬೆರಳಿಗೆ ಹತ್ತುತ್ತಿತ್ತು. ಪಾರ್ವತಿಬಾಯಿ ಅದನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು. ಒಳಗೆ ಎರಡು ಹೆಜ್ಜೆ ಇಟ್ಟು ಮೂರನೇ ಸಲ ಕೇಳಿದಳು.